ಹಾಯಿದೋಣಿಯ ದೀಪಗಳನ್ನೆಲ್ಲ ಒಟ್ಟಿಗೆ ಉರಿಸಬಹುದೇ?

ಪ್ರಶ್ನೆ: ನಮ್ಮದು 8 ಮೀಟರ್ ಉದ್ದದ, ಎಂಜಿನ್ ಇರುವ ಹಾಯಿದೋಣಿ. ಕೂವೆಕಂಬದ ತುದಿಯಲ್ಲಿ ಕೆಂಪು, ಹಸಿರು, ಬಿಳಿ ಮೂರೂ ಸೇರಿದ ತ್ರಿವರ್ಣ ದೀಪವಿದೆ. ಕೆಳಗೆ ಮುಂಭಾಗದಲ್ಲಿ ಕೆಂಪು-ಹಸಿರು ದೀಪಗಳೂ ಹಿಂಭಾಗದಲ್ಲಿ ಬಿಳಿ ದೀಪವೂ ಬೇರೆ ಇವೆ. ರಾತ್ರಿ ಎಲ್ಲವನ್ನೂ ಉರಿಸಿದರೆ ನಾವು ಇನ್ನಷ್ಟು ಚೆನ್ನಾಗಿ ಕಾಣುವುದಿಲ್ಲವೇ?

ಉತ್ತರ: ಕಾಣುತ್ತೀರಿ, ಆದರೆ ನೀವಲ್ಲದ ಬೇರೇನೋ ಆಗಿ ಕಾಣುತ್ತೀರಿ. ಆದ್ದರಿಂದ ಹಾಗೆ ಉರಿಸಬಾರದು.

ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಎಡಬದಿಯ ಕೆಂಪು ದೀಪವೂ ಬಲಬದಿಯ ಹಸಿರು ದೀಪವೂ ನೇರ ಮುಂದಿನಿಂದ ತಲಾ 112.5 ಡಿಗ್ರಿಯಷ್ಟು ಕಾಣಬೇಕು, ಉಳಿದ 135 ಡಿಗ್ರಿಯಲ್ಲಿ ಹಿಂಭಾಗದ ಬಿಳಿ ದೀಪ ಕಾಣಬೇಕು. ಕತ್ತಲಲ್ಲಿ ಎದುರಿನ ಚುಕ್ಕಾಣಿಗಾರನಿಗೆ ದೋಣಿ ಕಾಣುವುದಿಲ್ಲ. ಯಾವ ಬಣ್ಣ ಕಂಡಿತು, ಒಂದರ ಮೇಲೊಂದು ಎಷ್ಟು ದೀಪಗಳಿವೆ ಎಂಬುದರಿಂದಲೇ ಆತ ನಿಮ್ಮ ದೋಣಿಯ ಬಗೆಯನ್ನೂ ದಿಕ್ಕನ್ನೂ ಓದಿಕೊಳ್ಳುತ್ತಾನೆ. 20 ಮೀಟರಿಗಿಂತ ಚಿಕ್ಕ ಹಾಯಿದೋಣಿ ಈ ಮೂರು ದೀಪಗಳನ್ನು ಕೆಳಗೆ ಬೇರೆಬೇರೆಯಾಗಿ ತೋರಿಸಬಹುದು, ಅಥವಾ ಕಂಬದ ತುದಿಯಲ್ಲಿ ಒಂದೇ ತ್ರಿವರ್ಣ ದೀಪವಾಗಿ ತೋರಿಸಬಹುದು. ಎರಡರಲ್ಲಿ ಒಂದು ಮಾತ್ರ. ಎರಡನ್ನೂ ಉರಿಸಿದಾಗ ನಿಮ್ಮ ಎಡಬದಿಯಿಂದ ನೋಡುವವನಿಗೆ ಒಂದರ ಮೇಲೊಂದು ಎರಡು ಕೆಂಪು ದೀಪಗಳು ಕಾಣುತ್ತವೆ. ಅದು ನಿಯಂತ್ರಣ ತಪ್ಪಿದ ಹಡಗಿನ ಸಂಕೇತ.

ಇದಕ್ಕಿಂತ ಹೆಚ್ಚು ನಡೆಯುವ ಮತ್ತು ನನಗೆ ಹೆಚ್ಚು ಆತಂಕ ಹುಟ್ಟಿಸುವ ತಪ್ಪು ಇನ್ನೊಂದಿದೆ. ಹಾಯಿ ಬಿಚ್ಚಿದ್ದರೂ ಎಂಜಿನ್ ದೋಣಿಯನ್ನು ನೂಕುತ್ತಿದ್ದರೆ ನಿಯಮದ ದೃಷ್ಟಿಯಲ್ಲಿ ಅದು ಯಂತ್ರದ ದೋಣಿಯೇ. ಆಗ ಕಂಬದ ಮುಂಬದಿಯ ಬಿಳಿ ದೀಪವನ್ನೂ ಹೊತ್ತಿಸಬೇಕು. ಬದಿಯ ದೀಪಗಳು ಆ ಬಿಳಿ ದೀಪಕ್ಕಿಂತ ಕನಿಷ್ಠ 1 ಮೀಟರ್ ಕೆಳಗಿರಬೇಕಾದ್ದರಿಂದ ಆ ಹೊತ್ತಿನಲ್ಲಿ ತ್ರಿವರ್ಣ ದೀಪವನ್ನು ಬಳಸುವಂತಿಲ್ಲ. ಅದನ್ನು ಆರಿಸಲು ಮರೆತರೆ ಬಲಬದಿಯಿಂದ ಬಿಳಿಯ ಮೇಲೆ ಹಸಿರು, ಎಡಬದಿಯಿಂದ ಬಿಳಿಯ ಮೇಲೆ ಕೆಂಪು ಕಾಣುತ್ತದೆ. ಮೊದಲನೆಯದು ಬಲೆ ಎಳೆಯುತ್ತಿರುವ ಟ್ರಾಲರ್ ಬೋಟಿನ ಗುರುತು, ಎರಡನೆಯದು ಬೇರೆ ವಿಧಾನದಲ್ಲಿ ಮೀನು ಹಿಡಿಯುವ ದೋಣಿಯದು. ಮಲ್ಪೆ, ಮಂಗಳೂರಿನಂಥ ಬಂದರುಗಳ ಹೊರಗಿನ ನೀರಿನಲ್ಲಿ ನಿಜವಾದ ಟ್ರಾಲರುಗಳ ನಡುವೆ ಸಾಗುವಾಗ ಇಂಥ ಸುಳ್ಳು ಗುರುತು ಹೊತ್ತಿರುವುದು ಎಷ್ಟು ಅಪಾಯಕಾರಿ ಎಂದು ಯೋಚಿಸಿ: ಹಿಂದೆ ಬಲೆ ಇದೆಯೆಂದು ನಂಬಿದವನು ದಾರಿ ಬದಲಿಸುವ ರೀತಿಯೇ ಬೇರೆ.

ಹೀಗಾಗಿ ದೀಪಕ್ಕೊಂದು ಸ್ವಿಚ್ ಇಟ್ಟು ನೆನಪಿನ ಮೇಲೆ ಭಾರ ಹಾಕುವುದು ನನಗೆ ಸರಿಕಾಣದು. ಮೂರು ಸ್ಥಾನಗಳ ಒಂದೇ ತಿರುಗು ಸ್ವಿಚ್ ಹಾಕಿಸಿ: ಹಾಯಿಗೆ ತ್ರಿವರ್ಣ ಮಾತ್ರ, ಎಂಜಿನ್ನಿಗೆ ಕೆಳಗಿನ ಮೂರು ಮತ್ತು ಕಂಬದ ಬಿಳಿ ದೀಪ, ಲಂಗರಿಗೆ ಸುತ್ತಲೂ ಕಾಣುವ ಒಂದೇ ಬಿಳಿ ದೀಪ. ಬಂದರಿನೊಳಗೆ ಹಾಯಿಯಲ್ಲೇ ಸಾಗುವವರು ಕೆಳಗಿನ ಮೂರು ದೀಪಗಳಷ್ಟಕ್ಕೇ ನಾಲ್ಕನೆಯ ಸ್ಥಾನವನ್ನೂ ಇಟ್ಟುಕೊಳ್ಳಬಹುದು, ಏಕೆಂದರೆ ಹತ್ತಿರದ ಚಿಕ್ಕ ದೋಣಿಯವರು ಕಂಬದ ತುದಿಯತ್ತ ತಲೆಯೆತ್ತಿ ನೋಡುವುದು ಕಡಿಮೆ.

ಇನ್ನು ತಂತಿಯ ವಿಷಯ. 12 ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಬದಿಯ ದೀಪ 1 ನಾಟಿಕಲ್ ಮೈಲು (ಸುಮಾರು 1.85 ಕಿಲೋಮೀಟರ್), ಹಿಂಭಾಗದ ದೀಪ 2 ನಾಟಿಕಲ್ ಮೈಲು ದೂರಕ್ಕೆ ಕಾಣಬೇಕು. ಒಳ್ಳೆಯ ದೀಪವೂ ತೆಳು ತಂತಿಯ ತುದಿಯಲ್ಲಿ ಮಂಕಾಗುತ್ತದೆ. ಬ್ಯಾಟರಿಯಿಂದ ಕಂಬದ ತುದಿಗೆ 15 ಮೀಟರ್ ಇದ್ದರೆ ವಿದ್ಯುತ್ತು ಹೋಗಿ ಬರುವ ದಾರಿ 30 ಮೀಟರ್. 12 ವೋಲ್ಟಿನ 25 ವ್ಯಾಟ್ ಹಳೆಯ ಬಲ್ಬು ಸುಮಾರು 2 ಆಂಪಿಯರ್ ಎಳೆಯುತ್ತದೆ, 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 0.7 ವೋಲ್ಟ್, ಅಂದರೆ ಹತ್ತಿರ ಹತ್ತಿರ 6 ಶೇಕಡಾ, ದಾರಿಯಲ್ಲೇ ಕಳೆದುಹೋಗುತ್ತದೆ. 3 ಶೇಕಡಾದೊಳಗೆ ಇರಿಸಬೇಕೆಂದರೆ 4 ಚದರ ಮಿಲಿಮೀಟರ್ ತಂತಿ ಬೇಕು. 3 ವ್ಯಾಟಿನ ಎಲ್‌ಇಡಿ ದೀಪಕ್ಕೆ ಅದೇ ತೆಳು ತಂತಿ ಧಾರಾಳವಾಗಿ ಸಾಕು, ಬ್ಯಾಟರಿಗೂ ಹಗುರ. ಆದರೆ ಹಳೆಯ ಲಾಂದ್ರದೊಳಗೆ ಸಿಕ್ಕಿದ ಎಲ್‌ಇಡಿ ಬಲ್ಬು ಸಿಕ್ಕಿಸಬೇಡಿ. ಬಣ್ಣದ ಗಾಜೂ ಬಣ್ಣಗಳನ್ನು ಬೇರ್ಪಡಿಸುವ ಅಂಚೂ ಹಳೆಯ ಬಲ್ಬಿನ ತಂತುವಿಗೆ ಹೊಂದಿಸಿದವಾದ್ದರಿಂದ ಬಣ್ಣವೂ ಕೋನವೂ ಕೆಡಬಹುದು. ಅಗ್ಗದ ಎಲ್‌ಇಡಿಗಳು ಪಕ್ಕದ ವಿಎಚ್‌ಎಫ್ ರೇಡಿಯೊ ಆಂಟೆನಾಗೆ ಗದ್ದಲ ತುಂಬುವುದೂ ಉಂಟು.

ತವರ ಲೇಪಿಸಿದ ತಾಮ್ರದ ತಂತಿಯನ್ನೇ ಬಳಸಿ, ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಇಡಿ. ದೀಪ ಕೆಟ್ಟಾಗ ಮೊದಲು ನೋಡಬೇಕಾದುದು ಕಂಬದ ಬುಡದ ಕನೆಕ್ಟರ್; ಉಪ್ಪುನೀರು ಸೇರಿ ಹಸಿರುಗಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಕೆಲಸ ಮುಗಿದ ದಿನ ಕತ್ತಲಾದ ಮೇಲೆ ಚಿಕ್ಕ ದೋಣಿಯಲ್ಲಿ ನಿಮ್ಮ ದೋಣಿಯನ್ನು ಒಂದು ಸುತ್ತು ಹಾಕಿ, ಸ್ವಿಚ್ಚಿನ ಪ್ರತಿ ಸ್ಥಾನದಲ್ಲೂ ಕಾಣುವ ದೀಪಗಳನ್ನು ಎಣಿಸಿ. ಹಾಯಿಯ ಸ್ಥಾನದಲ್ಲಿ ಎಡಬದಿಯಿಂದ ಕಾಣಬೇಕಾದದ್ದು ಒಂದೇ ಒಂದು ಕೆಂಪು.