ಹಿಮದ ಬುಡದಲ್ಲಿ ಸಕ್ಕರೆ

ಮಂಡ್ಯದಿಂದ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೊರಟಿದ್ದ ನಮ್ಮ ಬೀದಿಯ ಹುಡುಗರು, ಹಿಮದ ಬೆಟ್ಟದಲ್ಲಿ ಜೋರಾಗಿ ಕೂಗಿದರೆ ಹಿಮ ಕುಸಿಯುತ್ತದೆಂಬ ಸಿನಿಮಾ ಪಾಠವನ್ನು ನಂಬಿದ್ದರು. ಎಷ್ಟೇ ಕಿರುಚಿದರೂ ಗಾಳಿಯಲ್ಲಿ ಹುಟ್ಟುವ ಒತ್ತಡ ಕೆಲವೇ ಪಾಸ್ಕಲ್. ಹಿಮದ ಮೇಲೆ ಊರಿದ ಒಂದು ಬೂಟಿನದು ಅದರ ಸಾವಿರಾರು ಪಟ್ಟು. ಹಿಮಕುಸಿತದಲ್ಲಿ ಸತ್ತ ಚಾರಣಿಗರಲ್ಲಿ ಹೆಚ್ಚಿನವರ ಮೇಲೆ ಜರಿದದ್ದು, ಅವರೋ ಅವರ ಜೊತೆಗಾರರೋ ತುಳಿದು ಸಡಿಲಿಸಿದ ಹಿಮವೇ. (ಹಿಮ ಸುರಿಯುವುದಕ್ಕೂ ಹಿಮ ಜರಿಯುವುದಕ್ಕೂ ನಮ್ಮ ಪತ್ರಿಕೆಗಳು ‘ಹಿಮಪಾತ’ ಎಂದೇ ಬರೆಯುವುದು ನನಗೆ ಹಳೆಯ ಕಿರಿಕಿರಿ.)

ಚಳಿಗಾಲದ ಆರಂಭದಲ್ಲಿ ಅರ್ಧ ಮೀಟರ್ ಹಿಮ ಬಿದ್ದಿದೆಯೆನ್ನಿ. ಅದರಡಿಯ ನೆಲ ಸುಮಾರು 0 ಡಿಗ್ರಿಯಲ್ಲಿದ್ದರೆ, ಮೇಲ್ಮೈ ರಾತ್ರಿ ಮೈನಸ್ 15 ಡಿಗ್ರಿಗೆ ಇಳಿಯುತ್ತದೆ. ಆಗ ಬುಡದ ಹರಳುಗಳಿಂದ ಆವಿಯೆದ್ದು, ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವ ಹಾಗೆ, ಮೇಲಿನ ತಣ್ಣನೆಯ ಹರಳುಗಳ ಮೇಲೆ ಕೂರುತ್ತದೆ; ಆದರೆ ಇಲ್ಲಿ ಹನಿಯ ಹಂತವಿಲ್ಲದೆ ನೇರವಾಗಿ ಮಂಜುಗಡ್ಡೆಯಾಗುತ್ತದೆ. ಪ್ರತಿಯೊಂದು ಹರಳೂ ತನ್ನ ಕೆಳಗಿನದಕ್ಕೆ ಮುಚ್ಚಳ, ಮೇಲಿನದಕ್ಕೆ ಒಲೆ. ಹೀಗೆ ಕೆಲವು ವಾರ ಬೆಂದ ಹಿಮ, ಮೂಲೆಮೊನೆಗಳುಳ್ಳ, ಒಂದಕ್ಕೊಂದು ಅಂಟದ ದಪ್ಪ ಹರಳುಗಳಾಗಿ ಮಾರ್ಪಡುತ್ತದೆ. ಪರ್ವತಾರೋಹಿಗಳು ಇದಕ್ಕಿಟ್ಟ ಹೆಸರು ಸಕ್ಕರೆ ಹಿಮ.

ಹಿಮದ ಆಳದ ಪ್ರತಿ ಮೀಟರಿಗೆ ತಾಪಮಾನದಲ್ಲಿ ಸುಮಾರು 10 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಕ್ಕರೆ, ಅದಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಬೆಲ್ಲ. ಅದೇ 15 ಡಿಗ್ರಿ ಮೂರು ಮೀಟರ್ ಹಿಮದಲ್ಲಿ ಹಂಚಿಹೋದಾಗ ಹರಳುಗಳು ದುಂಡಗಾಗಿ, ಕತ್ತು ಬೆಸೆದು, ಆಲೆಮನೆಯ ಅಚ್ಚಿನಂತೆ ಗಟ್ಟಿಯಾಗುತ್ತವೆ. ಆದ್ದರಿಂದ ‘ಈ ವರ್ಷ ಹಿಮ ಕಡಿಮೆ, ಭಯವಿಲ್ಲ’ ಎಂಬ ಲೆಕ್ಕಾಚಾರ ತಲೆಕೆಳಗು. ತೆಳು ಹಿಮದಲ್ಲಿ ಹುಟ್ಟಿದ ಸಕ್ಕರೆಯ ಮೇಲೆ ಮುಂದೆ ಗಾಳಿ ತಂದೊಟ್ಟಿದ ಹೊಸ ಹಿಮ ಹಲಗೆಯಂತೆ ಕೂರುತ್ತದೆ.

ಹುಡುಗರಿಗೆ ಇದನ್ನು ಅಡುಗೆಮನೆಯಲ್ಲೇ ತೋರಿಸಿದೆ. ತಟ್ಟೆಗೆ ಗೋಣಿತಟ್ಟು ಹಾಸಿ, ಒಂದು ಪದರ ಸಕ್ಕರೆ ಹರಡಿ, ಮೇಲೆ ಮೈದಾ ಸುರಿದು ಅಂಗೈಯಿಂದ ತಟ್ಟಿ, ಮೆಲ್ಲಗೆ ಓರೆ ಮಾಡಿದೆ. ಮೂವತ್ತು ಡಿಗ್ರಿ ದಾಟಿದರೂ ಮೈದಾ ನಿಂತೇ ಇತ್ತು. ಒಬ್ಬ ಬೆರಳಿಟ್ಟ, ಬೆರಳಿನ ಪಕ್ಕದಲ್ಲಿ ಎದ್ದ ಬಿರುಕು ತಟ್ಟೆಯ ಅಂಚಿಗೆ ಓಡಿ, ಇಡೀ ಹಲಗೆ ಕಟ್ಟೆಯ ಮೇಲೆ ಬಿತ್ತು. ಹಿಮಾಲಯದಲ್ಲೂ ಇಂಥ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದ ಹತ್ತು ಯೋಧರಲ್ಲಿ ನಮ್ಮ ಎಚ್.ಡಿ. ಕೋಟೆ ಕಡೆಯವರೊಬ್ಬರಿದ್ದರು. ಅದೇ ತಂಡದ, ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕು, 11ರಂದು ತೀರಿಕೊಂಡರು. ಅದನ್ನು ದೇವರ ಪವಾಡವೆಂದು ಹಾಡಿದವರು, ಹಿಮದಡಿ ಹೂತವರಿಗೆ ದಿನಗಟ್ಟಲೆ ಸಮಯವಿದೆಯೆಂಬ ಭ್ರಮೆಯನ್ನೂ ಬಿತ್ತಿದರು. ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಸುಮಾರು ಮೂವರಲ್ಲಿ ಒಬ್ಬರು.

ಅನುಭವಿಗಳು ಸಲಿಕೆಯಿಂದ ನೆಲದವರೆಗೆ ಗುಂಡಿ ತೋಡಿ, ಬುಡದ ಹಿಮವನ್ನು ಮುಷ್ಟಿಯಲ್ಲಿ ಹಿಡಿದು ಅದುಮುತ್ತಾರೆ. ಅದು ಉಂಡೆಯಾಗದೆ ಬೆರಳ ಸಂದಿಯಿಂದ ಸುರಿದರೆ, ಕಡಿದಾದ ಇಳಿಜಾರಿನ ಮೇಲಷ್ಟೇ ಅಲ್ಲ, ಅದರ ಬುಡದಲ್ಲೂ ಆ ದಿನ ಕಾಲಿಡುವುದಿಲ್ಲ.