ಅಜ್ಜಿಯ ಪಟಕ್ಕೆ ಕುರ್ಚಿ ಎಲ್ಲಿ ಹಾಕಬೇಕು?

ಮನೆಯ ಹಿರಿಯರು ತೀರಿಕೊಂಡ ಮರುದಿನ ಸ್ಟುಡಿಯೊಗೆ ಬರುವ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೊಮ್ಮಗನ ಮದುವೆಯ ಗುಂಪಿನ ಚಿತ್ರ, ಎರಡನೇ ಸಾಲಿನಲ್ಲಿ ಅಜ್ಜಿ, ಮುಖದ ಅರ್ಧಕ್ಕೆ ಪಕ್ಕದವರ ಪೇಟದ ನೆರಳು. ‘ಅಜ್ಜಿಯನ್ನು ಮಾತ್ರ ತೆಗೆದು ದೊಡ್ಡದು ಮಾಡಿಕೊಡಿ, ಹನ್ನೊಂದನೇ ದಿನಕ್ಕೆ ಬೇಕು’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ಇಪ್ಪತ್ತು ಜನರನ್ನು ಅಡ್ಡಕ್ಕೆ ಹಿಡಿದರೆ ಒಬ್ಬೊಬ್ಬರ ಮುಖದ ಪಾಲಿಗೆ ಬರುವುದು ಸುಮಾರು 100 ಪಿಕ್ಸೆಲ್ ಅಗಲ. 12x18 ಇಂಚಿನ ಪಟದಲ್ಲಿ ಮುಖವೇ 4 ಇಂಚು ಅಗಲ ಇರಬೇಕು. ಅಂದರೆ ಇಂಚಿಗೆ 25 ಪಿಕ್ಸೆಲ್. ಗೋಡೆಯ ಮೇಲೆ ಆರಡಿ ದೂರದಿಂದ ನೋಡುವ ಪಟಕ್ಕೂ ಕನಿಷ್ಠ 150 ಬೇಕು, ಕೈಯಲ್ಲಿ ಹಿಡಿದು ನೋಡುವುದಕ್ಕೆ 300. ಕೊರತೆಯನ್ನು ಈಗ ಸಾಫ್ಟ್‌ವೇರ್ ತುಂಬಿಕೊಡುತ್ತದೆ, ನಿಜ. ಆದರೆ ಅದು ತುಂಬುವುದು ಯಾರದೋ ಕಣ್ಣು, ಯಾರದೋ ಹಲ್ಲು. ಮನೆಯವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಏನು ತಪ್ಪಿದೆ ಅಂತ ಹೇಳಲು ಮಾತ್ರ ಬರುವುದಿಲ್ಲ.

ಹಾಗಾಗಿ ಹಿರಿಯರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಅವರ ಪಟ ತೆಗೆಯಲು ಒಂದು ಬೆಳಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ದುಬಾರಿ ಕ್ಯಾಮೆರಾ ಬೇಕಿಲ್ಲ. ಫೋಟೊ ಕೆಡುವುದು ಕ್ಯಾಮೆರಾದಿಂದಲ್ಲ, ಕುರ್ಚಿ ಹಾಕುವ ಜಾಗದಿಂದ.

ಮೊದಲು ಮನೆಯ ಎಲ್ಲ ಲೈಟು ಆರಿಸಿ. ಟ್ಯೂಬ್‌ಲೈಟು, ದೇವರ ಮನೆಯ ಹಳದಿ ಬಲ್ಬು, ಎಲ್ಲವೂ. ಕಿಟಕಿಯ ಹಗಲು ಬೆಳಕು ಒಂದು ಬಣ್ಣ, ಬಲ್ಬಿನದು ಇನ್ನೊಂದು. ಎರಡೂ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿಗೆ, ಇನ್ನೊಂದು ಹಳದಿಗೆ ತಿರುಗುತ್ತದೆ. ಆಮೇಲೆ ಎಷ್ಟು ತಿದ್ದಿದರೂ ಒಂದು ಸರಿಯಾದಾಗ ಇನ್ನೊಂದು ಕೆಡುತ್ತದೆ. ಈಗ ಮನೆಯ ಅತಿ ದೊಡ್ಡ ಕಿಟಕಿಯ ಪಕ್ಕ ಕುರ್ಚಿ ಹಾಕಿ. ಕಿಟಕಿಗೆ ಬೆನ್ನು ಮಾಡಿ ಅಲ್ಲ, ನೇರ ಎದುರಿಗೂ ಅಲ್ಲ. ಕೂತವರ ಒಂದು ಭುಜ ಕಿಟಕಿಯ ಕಡೆಗಿರಲಿ, ಕಿಟಕಿಯಿಂದ ಎರಡರಿಂದ ಮೂರಡಿ ದೂರವಿರಲಿ. ನಾಲ್ಕಡಿಗೆ ಸರಿದರೆ ಬೆಳಕು ಎರಡಡಿಯಲ್ಲಿ ಇದ್ದದ್ದರ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ನಮ್ಮ ಕಣ್ಣು ಅದನ್ನು ಹೊಂದಿಸಿಕೊಂಡುಬಿಡುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಕುರ್ಚಿಯನ್ನು ಕಿಟಕಿಯ ಚೌಕಟ್ಟಿನ ನಡುವಿಗಿಂತ ಒಂದಡಿ ಹಿಂದಕ್ಕೆ ಇಟ್ಟರೆ ಬೆಳಕು ಸ್ವಲ್ಪ ಮುಂದಿನಿಂದ ಬರುತ್ತದೆ, ದೂರದ ಕೆನ್ನೆಯ ಮೇಲೂ ಒಂದು ತುಣುಕು ಬೀಳುತ್ತದೆ. ಸರಿಯಾಗಿದೆಯೇ ಎಂದು ನೋಡಲು ಒಂದೇ ಗುರುತು: ಎರಡೂ ಕಣ್ಣಿನ ಕಪ್ಪಿನಲ್ಲಿ ಕಿಟಕಿಯ ಪುಟ್ಟ ಬಿಳಿ ಚೌಕ ಹೊಳೆಯುತ್ತಿರಬೇಕು. ಒಂದರಲ್ಲಿ ಮಾತ್ರ ಕಂಡರೆ ಮುಖವನ್ನು ಕಿಟಕಿಯ ಕಡೆಗೆ ಒಂದಿಷ್ಟು ತಿರುಗಿಸಿ. ಆ ಚೌಕವಿಲ್ಲದ ಕಣ್ಣು ಪಟದಲ್ಲಿ ಗುಳಿಬಿದ್ದಂತೆ ಕಾಣುತ್ತದೆ.

ಉತ್ತರದ ಕಿಟಕಿಯೇ ಒಳ್ಳೆಯದು ಎಂದು ಯುರೋಪಿನವರ ಪುಸ್ತಕಗಳಲ್ಲಿ ಓದಿರುತ್ತೀರಿ. ನಮ್ಮಲ್ಲಿ ಅದು ಪೂರ್ತಿ ನಿಜವಲ್ಲ. ಬೆಂಗಳೂರು, ಹಾಸನ, ಮಂಗಳೂರು ಎಲ್ಲ 13 ಡಿಗ್ರಿ ಅಕ್ಷಾಂಶದ ಆಸುಪಾಸಿನವು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಬೆಳಗಿನ ಮತ್ತು ಸಂಜೆಯ ಬಿಸಿಲು ಉತ್ತರದ ಕಿಟಕಿಯೊಳಗೂ ಓರೆಯಾಗಿ ಬೀಳುತ್ತದೆ. ದಿಕ್ಕು ಯಾವುದೇ ಇರಲಿ, ನೇರ ಬಿಸಿಲು ಒಳಗೆ ಬರುತ್ತಿದ್ದರೆ ಒಂದು ತೆಳು ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿ, ಮುಗಿಯಿತು. ಬಣ್ಣದ ಕರ್ಟನ್ ಬೇಡ, ಮುಖಕ್ಕೆ ಅದರದೇ ಬಣ್ಣ ಬಳಿಯುತ್ತದೆ.

ಜಗಲಿ ಇರುವ ಮನೆಯವರಿಗೆ ಕಿಟಕಿಯ ಗೊಡವೆಯೇ ಇಲ್ಲ. ಮಾಡಿನ ಅಂಚಿನಿಂದ ಎರಡು ಮೂರಡಿ ಒಳಗೆ, ಅಂಗಳಕ್ಕೆ ಮುಖ ಮಾಡಿ ಕೂರಿಸಿ. ನೆತ್ತಿಯ ಮೇಲಿನ ಬೆಳಕನ್ನು ಮಾಡು ತಡೆಯುತ್ತದೆ, ಎದುರಿನ ಆಕಾಶದ ಬೆಳಕು ಮುಖಕ್ಕೆ ಬರುತ್ತದೆ. ಅದೇ ಜನರನ್ನು ಹನ್ನೊಂದು ಗಂಟೆಗೆ ಬಯಲು ಅಂಗಳದಲ್ಲಿ ನಿಲ್ಲಿಸಿದರೆ ಹುಬ್ಬಿನ ಕೆಳಗೆ ಎರಡು ಕಪ್ಪು ಹೊಂಡ, ಮೂಗಿನ ಕೆಳಗೆ ಮೀಸೆಯಂಥ ನೆರಳು. ಜಗಲಿಯಲ್ಲಿ ಒಂದು ಮೋಸ ಮಾತ್ರ ಇದೆ. ನೆಲ ರೆಡ್ ಆಕ್ಸೈಡಿನದಾಗಿದ್ದರೆ ಅದರ ಕೆಂಪು ಗಲ್ಲದ ಕೆಳಗೆ, ಕುತ್ತಿಗೆಯಲ್ಲಿ, ಮೂಗಿನ ಹೊಳ್ಳೆಯಲ್ಲಿ ಬಂದು ಕೂರುತ್ತದೆ. ಹಸಿರು ಡಿಸ್ಟೆಂಪರ್ ಬಳಿದ ಗೋಡೆಗೆ ಮೂರಡಿಯೊಳಗೆ ಕೂತವರಿಗೂ ಅದೇ ಗತಿ, ಕಾಯಿಲೆ ಬಿದ್ದವರ ಕಳೆ ಬರುತ್ತದೆ. ಕಾಲಬುಡದಲ್ಲಿ ಒಗೆದ ಬಿಳಿ ಪಂಚೆಯೋ ಬೆಡ್‌ಶೀಟೋ ಹಾಸಿ. ಕೆಂಪು ಮಾಯವಾಗುತ್ತದೆ, ಗಲ್ಲದ ಕೆಳಗಿನ ಕತ್ತಲೂ ತಿಳಿಯಾಗುತ್ತದೆ. ಕಿಟಕಿಯ ಬಳಿ ಕೂರಿಸಿದಾಗ ಬೆಳಕಿಲ್ಲದ ಕೆನ್ನೆಯ ಪಕ್ಕಕ್ಕೆ, ಎರಡಡಿ ದೂರದಲ್ಲಿ, ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಹಾಳೆಯೊಂದನ್ನು ಯಾರಾದರೂ ಹಿಡಿದುಕೊಳ್ಳಲಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಪೂರ್ತಿ ಅಳಿಸಬೇಡಿ, ಎಂಬತ್ತು ವರ್ಷದ ಮುಖದಲ್ಲಿ ನೆರಳಿಲ್ಲದಿದ್ದರೆ ಅದು ಇಸ್ತ್ರಿ ಮಾಡಿದ ಮುಖ.

ಹಿನ್ನೆಲೆಗೆ ಕರಿ ಕಂಬಳಿಯಷ್ಟು ಒಳ್ಳೆಯ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಒರಟು ಉಣ್ಣೆ ಬೆಳಕನ್ನು ನುಂಗುತ್ತದೆ, ಸುಕ್ಕು ಕಾಣುವುದಿಲ್ಲ. ಬೆನ್ನಿಗೆ ಅಂಟಿಸದೆ ನಾಲ್ಕಡಿ ಹಿಂದೆ ಹಗ್ಗಕ್ಕೆ ಹಾಕಿ. ಕ್ಯಾಲೆಂಡರ್, ಸ್ವಿಚ್‌ಬೋರ್ಡ್, ತಲೆಯಿಂದ ಮೊಳೆತಂತೆ ಕಾಣುವ ಟಿವಿ ವೈರು ಎಲ್ಲ ಅದರ ಹಿಂದೆ ಅಡಗುತ್ತವೆ.

ಇನ್ನು ಕೂರುವವರ ತಯಾರಿ. ತಲೆಗೆ ಎಣ್ಣೆ ಹಚ್ಚುವುದಿದ್ದರೆ ಹಿಂದಿನ ದಿನವೇ ಹಚ್ಚಿ ತೊಳೆದಿರಲಿ. ಆ ಬೆಳಗ್ಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದು ಹೊಳೆಯುತ್ತದೆ, ಅದನ್ನು ಮುಚ್ಚಲು ಪೌಡರ್ ಬಳಿದರೆ ಕಪ್ಪು, ಗೋಧಿ ಮೈಬಣ್ಣದವರ ಮುಖ ಬೂದಿ ಬಣ್ಣಕ್ಕೆ ತಿರುಗಿ ಕುತ್ತಿಗೆ ಬೇರೆ, ಮುಖ ಬೇರೆ ಆಗುತ್ತದೆ. ಟಿಶ್ಯೂ ಅಥವಾ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು, ಉಜ್ಜಬೇಡಿ. ಹಲ್ಲಿನ ಸೆಟ್ ಇರುವವರು ಹಾಕಿಕೊಂಡೇ ಕೂರಲಿ. ಇಲ್ಲದಿದ್ದರೆ ತುಟಿ ಒಳಗೆ ಸರಿದು ಹತ್ತು ವರ್ಷ ಹೆಚ್ಚಾಗುತ್ತದೆ. ಸೀರೆ ಯಾವುದು ಎಂದರೆ, ಅವರು ದಿನವೂ ಉಡುವುದರಲ್ಲೇ ಸ್ವಲ್ಪ ಒಳ್ಳೆಯದು, ಹತ್ತಿ ಅಥವಾ ಹೆಚ್ಚು ಮಿರುಗದ ರೇಷ್ಮೆ. ಹೊಸ ಗಂಜಿ ಸೀರೆ ಭುಜದ ಮೇಲೆ ರಟ್ಟಿನ ಹಾಗೆ ನಿಲ್ಲುತ್ತದೆ. ಸೆರಗಿನ ಅಂಚು ಕುತ್ತಿಗೆಯ ಬಳಿ ಒಂದೇ ಗೆರೆಯಾಗಿ ಬರುವಂತೆ ಒಳಗಿನಿಂದ ಪಿನ್ನು ಹಾಕಿ. ಅಜ್ಜನ ಬಿಳಿ ಅಂಗಿ, ಶಲ್ಯಕ್ಕೆ ಒಂದು ತೊಂದರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ವಿಭೂತಿ, ನಾಮ, ಕುಂಕುಮ ಇಟ್ಟು ಒಣಗಲು ಬಿಡಿ. ಕುಂಕುಮದವರಿಗೆ ಫೋಟೊಗೆಂದು ಹೊಳೆಯುವ ಸ್ಟಿಕ್ಕರ್ ಅಂಟಿಸಬೇಡಿ. ಹರಿದ ಕಿವಿಯ ತೂತು, ಮೂಗುಬೊಟ್ಟು, ಕೆನ್ನೆಯ ಮಚ್ಚೆ ಯಾವುದನ್ನೂ ಮುಟ್ಟುವುದು ಬೇಡ.

ಪ್ಲಾಸ್ಟಿಕ್ಕಿನ ಕೈಕುರ್ಚಿ ಕೊಟ್ಟರೆ ತೋಳು ಅದರ ಮೇಲೆ ಏರಿ ಭುಜಗಳು ಕಿವಿಯ ತನಕ ಬರುತ್ತವೆ, ಕುತ್ತಿಗೆ ಕಾಣೆಯಾಗುತ್ತದೆ. ಕೈಯಿಲ್ಲದ ಮರದ ಕುರ್ಚಿ ಅಥವಾ ಸ್ಟೂಲು ಕೊಡಿ, ಬೀಳುವ ಭಯವಿದ್ದರೆ ಹಿಂದೆ ಒಬ್ಬರು ನಿಲ್ಲಲಿ. ಮೈ ಕಿಟಕಿಯ ಕಡೆಗೆ ಅರ್ಧ ತಿರುಗಿರಲಿ, ಮುಖ ಮಾತ್ರ ಕ್ಯಾಮೆರಾದ ಕಡೆಗೆ. ‘ನೆಟ್ಟಗೆ ಕೂತ್ಕೊಳ್ಳಿ’ ಎಂದರೆ ಎಲ್ಲರೂ ಗಲ್ಲ ಎತ್ತಿ ಹಿಂದಕ್ಕೆ ಸರಿಯುತ್ತಾರೆ, ಗಂಟಲಿನ ಚರ್ಮವೆಲ್ಲ ಮುಂದೆ ಬರುತ್ತದೆ. ಬದಲಿಗೆ ‘ನನ್ನ ಮಾತು ಸರಿಯಾಗಿ ಕೇಳಿಸ್ತಿದೆಯಾ ಅಜ್ಜಿ?’ ಎಂದು ಸಣ್ಣ ದನಿಯಲ್ಲಿ ಕೇಳಿ. ಕೇಳಿಸಿಕೊಳ್ಳಲು ಅವರು ಹಣೆಯನ್ನು ಮುಂದೆ ತಂದು ಗಲ್ಲವನ್ನು ತುಸು ಇಳಿಸುತ್ತಾರೆ. ಬೇಕಾದದ್ದು ಆ ಭಂಗಿಯೇ.

ಕನ್ನಡಕದ ಗಾಜಿನಲ್ಲಿ ಕಿಟಕಿ ಬಿಳಿಯಾಗಿ ಕುಣಿಯುತ್ತಿದ್ದರೆ ಕಡ್ಡಿಗಳ ತುದಿಯನ್ನು ಕಿವಿಯಿಂದ ಅರ್ಧ ಇಂಚು ಮೇಲಕ್ಕೆತ್ತಿ. ಗಾಜು ಕೆಳಮುಖವಾಗಿ ವಾಲುತ್ತದೆ, ಕಿಟಕಿ ಅದರಿಂದ ಜಾರಿಹೋಗುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಾದರೆ ಜಗಲಿಯಲ್ಲಿ ಚಿತ್ರ ತೆಗೆಯಬೇಡಿ. ಹತ್ತು ನಿಮಿಷ ಒಳಗೆ ಕೂತು ಗಾಜು ತಿಳಿಯಾದ ಮೇಲೆ ಚಿತ್ರ ತೆಗೆಯಿರಿ.

ಈಗ ಕ್ಯಾಮೆರಾ. ಫೋನನ್ನು ಮುಖದಿಂದ ಒಂದೂವರೆ ಅಡಿ ದೂರ ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣ. ಇದು ಲೆನ್ಸಿನ ತಪ್ಪಲ್ಲ, ದೂರದ ಲೆಕ್ಕ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿದೆ. 40 ಸೆಂ.ಮೀ. ದೂರದಿಂದ ನೋಡಿದಾಗ ಮೂಗಿನ ಅಳತೆ ಕಿವಿಗಿಂತ ಶೇ 30ರಷ್ಟು ಹಿಗ್ಗುತ್ತದೆ, ಒಂದೂವರೆ ಮೀಟರಿನಿಂದ ಶೇ 8ರಷ್ಟು ಮಾತ್ರ. ಆದ್ದರಿಂದ ಒಂದೂವರೆ ಮೀಟರ್, ಅಂದರೆ ಐದಡಿ ಹಿಂದೆ ನಿಂತು 2x ಅಥವಾ 3x ಝೂಮ್ ಬಳಸಿ. ನಿಂತು ಎಂದದ್ದು ಬಾಯಿಮಾತಿಗೆ; ಕೂತ ಅಜ್ಜಿಯ ಕಣ್ಣಿನ ಮಟ್ಟಕ್ಕೆ ನೀವು ಮಂಡಿಯೂರಲೇಬೇಕು. ನಿಂತವರು ತೆಗೆದ ಚಿತ್ರದಲ್ಲಿ ಹಣೆ ದೊಡ್ಡದು, ದೇಹ ಕುಗ್ಗಿದ್ದು. ಬ್ಯೂಟಿ ಫಿಲ್ಟರ್ ಮುಚ್ಚಿ. ಹಿನ್ನೆಲೆಯನ್ನು ಮಬ್ಬು ಮಾಡುವ ಪೋರ್ಟ್ರೇಟ್ ಮೋಡ್ ಬಳಸುವುದಾದರೆ ಅದಿಲ್ಲದೆಯೂ ಅಷ್ಟೇ ಚಿತ್ರ ತೆಗೆದಿಡಿ. ಮುಡಿದ ಮಲ್ಲಿಗೆ, ಹಾರುವ ಬಿಳಿಗೂದಲು, ಕನ್ನಡಕದ ಕಡ್ಡಿ ಇವನ್ನು ಅದು ಹಿನ್ನೆಲೆಯೆಂದು ತಿಳಿದು ಕತ್ತರಿಸುತ್ತದೆ. ಫೋನಿನ ಪರದೆಯಲ್ಲಿ ಕಾಣದ ಆ ಕತ್ತರಿ ಗುರುತು 18 ಇಂಚಿನಲ್ಲಿ ಎದ್ದು ಕಾಣುತ್ತದೆ.

ಕ್ಯಾಮೆರಾ ಇರುವವರು ಒಂದು ತಪ್ಪು ತಪ್ಪದೆ ಮಾಡುತ್ತಾರೆ: 85 ಎಂ.ಎಂ. ಲೆನ್ಸನ್ನು ಎಫ್ 1.8ಕ್ಕೆ, ಅಂದರೆ ಬೆಳಕು ಬರುವ ಕಿಂಡಿಯನ್ನು ತೀರಾ ಅಗಲಕ್ಕೆ, ತೆರೆಯುವುದು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಿ ಒಂದೂವರೆ ಮೀಟರಿನಿಂದ ಆಗ ಸ್ಪಷ್ಟವಾಗಿ ಬರುವ ಪದರ ಬರೀ 3 ಸೆಂ.ಮೀ. ಚಿಲ್ಲರೆ. ಹತ್ತಿರದ ಕಣ್ಣು ಬಂತು, ಇನ್ನೊಂದು ಹೋಯಿತು. ಎಫ್ 4 ಇಡಿ, ಏಳೂವರೆ ಸೆಂ.ಮೀ. ಸಿಗುತ್ತದೆ. ಶಟರ್ ವೇಗ 1/160 ಸೆಕೆಂಡು, ಐಎಸ್‌ಒ (ಬೆಳಕನ್ನು ಹಿಗ್ಗಿಸುವ ಅಳತೆ) 400ರಿಂದ 800. ವಯಸ್ಸಾದವರ ತಲೆ ತುಸು ನಡುಗುವುದುಂಟು, ಶಟರ್ 1/125ಕ್ಕಿಂತ ಇಳಿಯಬಾರದು. ಫೋಕಸ್ ಯಾವಾಗಲೂ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ.

ಬಿಳಿ ಅಂಗಿಯ ತೊಂದರೆ ಇಲ್ಲಿದೆ. ಚೌಕಟ್ಟಿನ ಬಹುಪಾಲು ಬಿಳಿಯಿದ್ದರೆ ಕ್ಯಾಮೆರಾ ಅದನ್ನು ಬೂದಿಗೆ ಇಳಿಸಲು ನೋಡುತ್ತದೆ, ಅದರ ಜೊತೆ ಅಜ್ಜನ ಮುಖವೂ ಕಪ್ಪಾಗುತ್ತದೆ. ಕಂಬಳಿ ಹೆಚ್ಚು ಕಂಡರೆ ಉಲ್ಟಾ, ಮುಖ ಬೆಳ್ಳಗೆ ಉರಿಯುತ್ತದೆ. ಫೋನಿನಲ್ಲಿ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದು ಕೆನ್ನೆಯ ಬಣ್ಣ ಎದುರಿಗೆ ಕಾಣುವಂತೆಯೇ ಬರುವ ತನಕ ಹೊಂದಿಸಿ. ಕ್ಯಾಮೆರಾದಲ್ಲಿ ಬೆಳಕು ಹೆಚ್ಚುಕಡಿಮೆ ಮಾಡುವ +/- ಅಳತೆಯನ್ನು ಬಿಳಿಗೆ +0.7, ಕಂಬಳಿಗೆ -0.7ರಿಂದ ಶುರುಮಾಡಿ ನೋಡಿ.

‘ನಗಿ’ ಎನ್ನಬೇಡಿ. ಈ ತಲೆಮಾರಿನವರಿಗೆ ಕ್ಯಾಮೆರಾ ಅಂದರೆ ಉಸಿರು ಕಟ್ಟಿ ನಿಲ್ಲುವುದು. ಮೊದಲ ಐದಾರು ಚಿತ್ರ ಆ ಬಿಗುವಿಗೇ ಬಿಟ್ಟುಕೊಡಿ, ಅಳಿಸಬೇಡಿ, ಮನೆಯವರಿಗೆ ಅದೂ ಬೇಕಾಗಬಹುದು. ಆಮೇಲೆ ಮೊಮ್ಮಗಳೊಬ್ಬಳನ್ನು ಲೆನ್ಸಿನ ಪಕ್ಕ, ಕಿಟಕಿಯ ಕಡೆಗೆ ಕೂರಿಸಿ, ಅವಳು ಮಾತಿಗೆ ಎಳೆಯಲಿ: ಅಡಿಕೆ ರೇಟು, ತವರಿನ ಬಾವಿ, ಉಪ್ಪಿನಕಾಯಿಗೆ ಯಾವ ಮಾವು. ಮಾತಾಡುವಾಗ ತೆಗೆದರೆ ಬಾಯಿ ಸೊಟ್ಟಗಿರುತ್ತದೆ. ಉತ್ತರ ಮುಗಿದು ತುಟಿ ಕೂಡಿದ ಕ್ಷಣ, ಕಣ್ಣಿನಲ್ಲಿ ಆ ಮಾತು ಇನ್ನೂ ಆರಿರುವುದಿಲ್ಲ, ಆಗ ಮೂರು ನಾಲ್ಕು ಒಟ್ಟಿಗೆ ಒತ್ತಿ. ಒಟ್ಟು ನಲವತ್ತು ಐವತ್ತು ಚಿತ್ರ, ಹದಿನೈದು ನಿಮಿಷ. ಅದರಾಚೆ ಮುಖದಲ್ಲಿ ದಣಿವು ಬಿಟ್ಟು ಬೇರೇನೂ ಸಿಗುವುದಿಲ್ಲ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟವರಾದರೆ ವೀಸಾ ಚಿತ್ರವನ್ನೂ ಇದೇ ಕೂರಿಕೆಯಲ್ಲಿ ಮುಗಿಸಬಹುದು, ಆದರೆ ನಿಯಮವೆಲ್ಲ ತಿರುವುಮುರುವು. ಕಿಟಕಿಗೆ ನೇರ ಎದುರಾಗಿ ಕೂರಿಸಿ, ಹಿಂದೆ ಬಿಳಿ ಬಟ್ಟೆ, ನೆರಳು ಬೀಳದಷ್ಟು ದೂರ. 2x2 ಇಂಚಿನ ಚೌಕದಲ್ಲಿ ಗಲ್ಲದಿಂದ ನೆತ್ತಿಗೆ 25ರಿಂದ 35 ಮಿ.ಮೀ. ಇರಬೇಕು. ಕನ್ನಡಕ 2016ರ ನವೆಂಬರಿನಿಂದ ನಿಷಿದ್ಧ.

ಆರಿಸಿದ ಚಿತ್ರವನ್ನು ಲ್ಯಾಬಿಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಇಷ್ಟು ಕಷ್ಟಪಟ್ಟು ಗಳಿಸಿದ ಪಿಕ್ಸೆಲ್ ದಾರಿಯಲ್ಲೇ ಸೋರಿಹೋಗುತ್ತದೆ. ಫೋನಿನ ಚಿತ್ರದ ಅಳತೆ 3:4, ಪಟದ್ದು 2:3. ಎರಡೂ ಪಕ್ಕದಿಂದ ಒಟ್ಟು ಒಂಬತ್ತನೇ ಒಂದು ಭಾಗ ಕತ್ತರಿ ಬೀಳುತ್ತದೆ, ಚೌಕಟ್ಟು ಇನ್ನಷ್ಟು ತಿನ್ನುತ್ತದೆ. ಭುಜದ ಆಚೆ ಜಾಗ ಬಿಟ್ಟೇ ತೆಗೆಯಿರಿ. ಫೋನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ಆರಿಸಿದ್ದು ಕಾಗದದಲ್ಲಿ ಕಪ್ಪಾಗಿ ಬರುತ್ತದೆ. ಅರ್ಧಕ್ಕೆ ಇಳಿಸಿ ನೋಡಿ, ಮೊದಲು 4x6ರ ಒಂದು ಪ್ರಿಂಟು ಹಾಕಿಸಿ. ಪೇಪರ್ ಹೊಳಪಿಲ್ಲದ ಮ್ಯಾಟ್ ಇರಲಿ. ಕರಾವಳಿ, ಮಲೆನಾಡಿನವರು ಗಾಜಿಗೂ ಫೋಟೊಗೂ ನಡುವೆ ರಟ್ಟಿನ ಅಂಚುಪಟ್ಟಿ (ಮೌಂಟ್) ಹಾಕಿಸಲೇಬೇಕು, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಪ್ರಿಂಟು ಗಾಜಿಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಹೋದವರ ಕೈಯಲ್ಲಿ ಉಳಿಯುವುದು ಮುಖವಿಲ್ಲದ ಕಾಗದ.