ತಂಗಡಿ ಹೂವಿನ ಕಷಾಯ ಕುಡಿದರೆ ಶುಗರ್ ಮಾತ್ರೆ ಬಿಡಬಹುದಾ?

ಮಸ್ಕಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತಂದೆಯವರಿಗೆ ಶುಗರ್ ಇದೆ. ತಂಗಡಿ ಹೂವಿನಿಂದ ಇಳಿಯುತ್ತೆ ಅಂತ ಯೂನಿವರ್ಸಿಟಿಯವರೇ ಸಂಶೋಧನೆ ಮಾಡಿದ್ದಾರಂತೆ. ಹೂವು ನಮ್ಮ ಹೊಲದ ಬದುವಿನಲ್ಲೇ ಇದೆ. ಮಾತ್ರೆ ನಿಲ್ಲಿಸಿ ಕಷಾಯ ಕೊಡಬಹುದಾ?"

ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಬಳ್ಳಾರಿ, ಕೊಪ್ಪಳದವರೂ ಇದನ್ನೇ ಕೇಳುತ್ತಿರುತ್ತಾರೆ, ಗಿಡದ ಹೆಸರು ಮಾತ್ರ ಬೇರೆ: ಅಮೃತಬಳ್ಳಿ, ಮಧುನಾಶಿನಿ, ಹೀಗೆ.

ನೀವು ಕೇಳಿದ ಸುದ್ದಿ ಸುಳ್ಳೇನಲ್ಲ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದವರು ತಂಗಡಿ ಹೂವಿನ ಸಾರ ಕೊಟ್ಟಾಗ ರಕ್ತದ ಸಕ್ಕರೆ ಇಳಿದದ್ದನ್ನು 2002ರಲ್ಲೇ ಪ್ರಕಟಿಸಿದ್ದಾರೆ. ಆದರೆ ಇಳಿದದ್ದು ಇಲಿಗಳಲ್ಲಿ.

ಇಂಥ ಪ್ರಯೋಗ ಹೇಗೆ ನಡೆಯುತ್ತೆ ಅಂತ ಸ್ವಲ್ಪ ನೋಡೋಣ. ಫಾರ್ಮಸಿ ಕಾಲೇಜಿನ ಲ್ಯಾಬ್‌ನಲ್ಲಿ ಸಾಕ್ಸ್‌ಲೆಟ್ ಅಂತ ಒಂದು ಗಾಜಿನ ಉಪಕರಣ ಇರುತ್ತೆ. ಒಣಗಿಸಿ ಪುಡಿ ಮಾಡಿದ ಹೂವನ್ನು ಅದರೊಳಗೆ ತುಂಬಿ, ಕೆಳಗೆ ಆಲ್ಕೋಹಾಲ್ ಕಾಯಿಸುತ್ತಾರೆ. ಆವಿ ಮೇಲೇರಿ ತಣ್ಣಗಾಗಿ ಪುಡಿಯ ಮೇಲೆ ಹನಿಯುತ್ತೆ, ತುಂಬಿದಾಗ ಬಣ್ಣದ ಸಮೇತ ಕೆಳಗಿಳಿಯುತ್ತೆ, ಮತ್ತೆ ಕಾಯುತ್ತೆ, ಹೀಗೆ ಇಳಿಯೋ ದ್ರವಕ್ಕೆ ಬಣ್ಣ ಬರೋದು ನಿಲ್ಲೋವರೆಗೆ ಗಂಟೆಗಟ್ಟಲೆ ನಡೆಯುತ್ತೆ. ಕೊನೆಗೆ ಆಲ್ಕೋಹಾಲ್ ಹಾರಿಸಿದರೆ ತಳದಲ್ಲಿ ಗಾಢ ಬಣ್ಣದ ಅಂಟು ಉಳಿಯುತ್ತೆ. ಅದನ್ನು ತೂಗಿ, ಇಲಿಯ ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಕೆಲವರು ನೀರಿನಲ್ಲೇ ಸಾರ ತೆಗೆಯುತ್ತಾರೆ ನಿಜ, ಆದರೆ ಅಲ್ಲೂ ಅಳತೆ ಪಕ್ಕಾ ಇರುತ್ತೆ. ಮನೆಯ ಒಂದು ಹಿಡಿ ಹೂವಿನಲ್ಲಿ ಎಷ್ಟು ಸಾರ ಇದೆ ಅಂತ ಹೇಳೋದು ಹೇಗೆ? ಮಣ್ಣು, ತಿಂಗಳು, ಒಣಗಿಸಿದ ರೀತಿ ಬದಲಾದರೆ ಅದೂ ಬದಲಾಗುತ್ತೆ.

ಇನ್ನೊಂದು ವಿಷಯ. ಆ ಇಲಿಗಳಿಗೆ ಸಾಮಾನ್ಯವಾಗಿ ಸ್ಟ್ರೆಪ್ಟೊಜೊಟೊಸಿನ್ ಅನ್ನೋ ರಾಸಾಯನಿಕ ಕೊಟ್ಟು ಇನ್ಸುಲಿನ್ ಮಾಡೋ ಕೋಶಗಳನ್ನು ಹಾಳು ಮಾಡಿರುತ್ತಾರೆ, ಕೆಲವೇ ದಿನದಲ್ಲಿ ಕಾಯಿಲೆ ಬರುತ್ತೆ. ನಮ್ಮ ಹಿರಿಯರಿಗೆ ಬರೋ ಶುಗರ್ ಹಾಗಲ್ಲ, ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದಿರುತ್ತೆ.

"ನಮ್ಮ ಮಾವ ಕುಡಿದು ಕಡಿಮೆ ಮಾಡಿಕೊಂಡರಲ್ಲ" ಅಂತೀರಿ ಅಲ್ವಾ? ಇಲ್ಲಿ ಮನಃಶಾಸ್ತ್ರ ಬರುತ್ತೆ. ಕಷಾಯ ಶುರು ಮಾಡಿದವರು ಬೆಳಿಗ್ಗೆ ವಾಕಿಂಗ್ ಹೋಗ್ತಾರೆ, ಚಹಾಕ್ಕೆ ಸಕ್ಕರೆ ಬಿಡ್ತಾರೆ, ರಾತ್ರಿ ಅನ್ನದ ಬದಲು ಜೋಳದ ರೊಟ್ಟಿ ತಿಂತಾರೆ. ಯಾವುದರಿಂದ ಇಳಿಯಿತು? ಅದೂ ಅಲ್ಲದೆ, ಸಕ್ಕರೆ ತುಂಬಾ ಏರಿದಾಗಲೇ ನಾವು ಹೊಸ ಔಷಧಿ ಹುಡುಕೋದು. ಅಷ್ಟು ಮೇಲೆ ಹೋದದ್ದು ಎಷ್ಟೋ ಸಲ ತಾನಾಗೇ ಸ್ವಲ್ಪ ಇಳಿಯುತ್ತೆ, ಹೆಸರು ಕಷಾಯಕ್ಕೆ. ಮೇಲಾಗಿ ನಂಬಿಕೆಯಿಂದಲೇ ಸುಸ್ತು, ನೋವು ಕಡಿಮೆ ಅನ್ನಿಸೋದು ನಿಜವಾದ ಅನುಭವ, ಅದನ್ನು ಪ್ಲಸೀಬೊ ಅಂತಾರೆ. ಅದಕ್ಕೇ ಮನುಷ್ಯರ ಮೇಲಿನ ಒಳ್ಳೆಯ ಪ್ರಯೋಗದಲ್ಲಿ ಯಾರಿಗೆ ಔಷಧಿ, ಯಾರಿಗೆ ಸುಮ್ನೆ ಪುಡಿ ಅನ್ನೋದು ಕೊಡುವವರಿಗೂ ಗೊತ್ತಿರಲ್ಲ, ತಗೊಳ್ಳೋರಿಗೂ ಗೊತ್ತಿರಲ್ಲ. ಕಹಿ ಕಷಾಯದಲ್ಲಿ ಇದು ಕಷ್ಟ, ನಾಲಿಗೆಗೇ ಗೊತ್ತಾಗಿಬಿಡುತ್ತೆ. ಹಾಗಾಗಿ ಸಾರವನ್ನು ಕ್ಯಾಪ್ಸೂಲಿನಲ್ಲಿ ತುಂಬುತ್ತಾರೆ.

ಮಾತ್ರೆ ಅಂದರೆ ಕೆಮಿಕಲ್, ಗಿಡ ಅಂದರೆ ಒಳ್ಳೆಯದು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಶುಗರ್‌ಗೆ ಬಹಳ ಜನ ನುಂಗೋ ಮೆಟ್‌ಫಾರ್ಮಿನ್‌ನ ಬೇರೂ ಯುರೋಪಿನ ಗಲೇಗಾ ಅನ್ನೋ ಗಿಡದಲ್ಲೇ ಇದೆ. ಗಿಡದಲ್ಲಿದ್ದ ಗಲೆಜಿನ್ ಅನ್ನೋ ರಾಸಾಯನಿಕ ಸಕ್ಕರೆ ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಅದೇ ಜಾತಿಯ, ಅದಕ್ಕಿಂತ ಸುರಕ್ಷಿತವಾದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಮೊದಲು ತಯಾರಿಸಿದರು. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಮೂವತ್ತೈದು ವರ್ಷ! ತಂಗಡಿಗೂ ಇಂಥ ತಾಳ್ಮೆಯ ಕೆಲಸ ಆಗಬೇಕು ಅನ್ನೋದು ನನ್ನ ಆಸೆ, ನಮ್ಮ ಭಾಗದ ಕಾಲೇಜುಗಳಲ್ಲೇ ಆದರೆ ಇನ್ನೂ ಖುಷಿ.

ತಂದೆಯವರು ಈಗಾಗಲೇ ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಜೊತೆ ಕಷಾಯವೂ ಸೇರಿದರೆ ಸಕ್ಕರೆ ಜಾಸ್ತಿ ಇಳಿದುಬಿಡಬಹುದು. ಬೆವರು, ಕೈನಡುಕ, ತಲೆಸುತ್ತು ಬಂದರೆ, ಎಚ್ಚರ ಇರುವಾಗಲೇ ತಕ್ಷಣ ಸಕ್ಕರೆ ನೀರು ಕುಡಿಸಿ. ಮೂರು ತಿಂಗಳಿಗೊಮ್ಮೆ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತಪರೀಕ್ಷೆ ಎಚ್‌ಬಿಎ1ಸಿ ಮಾಡಿಸಿ, ಆ ರಿಪೋರ್ಟ್ ನೋಡಿ ಮಾತ್ರೆ ಕಡಿಮೆ ಮಾಡೋದಾ ಬೇಡವಾ ಅಂತ ಡಾಕ್ಟರೇ ಹೇಳಲಿ.